ಗದುಗಿನ ಭಾರತಕ್ಕೊಂದು ಬುಕ್‌ಮಾರ್ಕ್: ಕಾಗದ, ಹೆಸರು, ಮಾತ್ರೆ, ರಿಬ್ಬನ್

ಸಣ್ಣ ಕಾದಂಬರಿಗೆ ಯಾವ ಚೀಟಿ ಇಟ್ಟರೂ ನಡೆಯುತ್ತದೆ. ಪುಟ ಸಿಕ್ಕರೆ ಕಥೆ ಸಿಕ್ಕಿತು. ಕುಮಾರವ್ಯಾಸ ಭಾರತ, ಅಂದರೆ ಗದುಗಿನ ಭಾರತ, ಹಾಗಲ್ಲ. ಆದಿಪರ್ವದಿಂದ ಗದಾಪರ್ವದವರೆಗೆ 10 ಪರ್ವ, ಎಂಟು ಸಾವಿರಕ್ಕೂ ಹೆಚ್ಚು ಪದ್ಯ. ಮನೆಯಲ್ಲಿ ಅಮ್ಮ ರಾಗವಾಗಿ ಓದುತ್ತಾರೆ, ನಾನು ಪಕ್ಕದಲ್ಲಿ ಕೂತು ಅರ್ಥ ಬಿಡಿಸುತ್ತೇನೆ. ನಡುವೆ ಕೆಲವು ದಿನ ಓದು ತಪ್ಪಿದರೆ ಪುಟ ಸಿಗುತ್ತದೆ, ಪದ್ಯ ಸಿಗುವುದಿಲ್ಲ. ಪದ್ಯ ಸಿಕ್ಕರೆ ‘ಕಳಶಜ’ ಅಂದರೆ ಯಾರು ಅನ್ನುವುದು ಮರೆತಿರುತ್ತದೆ. ಅದೂ ನೆನಪಾಯಿತು ಅನ್ನಿ, ನಿಂತುಹೋದ ಲಯ ಮತ್ತೆ ನಾಲಿಗೆಗೆ ಬರಲು ನಾಲ್ಕಾರು ಪದ್ಯ ಬೇಕು.

ಬಿಟ್ಟ ಜಾಗ, ಮರೆತ ಹೆಸರು, ತಪ್ಪಿದ ಲಯ. ಈ ಮೂರನ್ನೂ ಹಿಡಿದಿಡುವ ಬುಕ್‌ಮಾರ್ಕ್ ಬೇಕಿತ್ತು. ಅಂಗಡಿಯಲ್ಲಿ ಅಂಥದ್ದು ಸಿಗುವುದಿಲ್ಲ. ಯಾಕಂದರೆ ಅದು ಇದೊಂದೇ ಪುಸ್ತಕಕ್ಕೆ ಹೊಂದಬೇಕು. ಹಾಗಾಗಿ ಮನೆಯಲ್ಲೇ ಮಾಡಿದೆ. ಮಾಡಿದ್ದನ್ನು ಮಾಡಿದ ಹಾಗೇ ಬರೆಯುತ್ತಿದ್ದೇನೆ.

ಮೊದಲು ಪುಸ್ತಕದ ಅಳತೆ

ನನ್ನ ಪ್ರತಿಯ ಪುಟ ಒಂಬತ್ತೂವರೆ ಇಂಚು ಎತ್ತರ, ಏಳೂಕಾಲು ಇಂಚು ಅಗಲ. ಗಟ್ಟಿ ರಟ್ಟು, ಹೊಲಿದ ಬೈಂಡಿಂಗ್. ಒಂದು ಪುಟದಲ್ಲಿ ಎರಡು ಕಾಲಂ. ಪುಸ್ತಕ ತೆರೆದಿಟ್ಟರೆ ಕಣ್ಣ ಮುಂದೆ ನಾಲ್ಕು ಕಾಲಂ ಇರುತ್ತವೆ. ಪದ್ಯದ ಆರು ಸಾಲು ಸೇರಿ 36 ಮಿಲಿಮೀಟರ್. ಪದ್ಯದಿಂದ ಪದ್ಯಕ್ಕೆ ಇನ್ನೊಂದು ಸಾಲಿನಷ್ಟು, ಅಂದರೆ 6 ಮಿಲಿಮೀಟರ್ ಬಿಡುವು. ಈ ಎರಡು ಅಂಕಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ನಿಮ್ಮ ಪ್ರತಿಯಲ್ಲಿ ಬೇರೆ ಇರುತ್ತವೆ, ಸ್ಕೇಲ್ ಇಟ್ಟು ನೋಡಿಕೊಳ್ಳಬೇಕು.

ದಪ್ಪವನ್ನೂ ನೋಡಬೇಕು. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಒಂದೇ ಹಾಳೆಯ ದಪ್ಪ ಸ್ಕೇಲಿನಲ್ಲಿ ಕಾಣುವುದಿಲ್ಲ. ನೂರು ಹಾಳೆ ಸೇರಿಸಿ ಮೆಲ್ಲಗೆ ಒತ್ತಿ ಅಳೆದು ನೂರರಿಂದ ಭಾಗಿಸಿದರೆ ಸಿಗುತ್ತದೆ. ನನ್ನ ಪುಸ್ತಕದಲ್ಲಿ ಹಾಳೆ ಸುಮಾರು 0.1 ಮಿಲಿಮೀಟರ್. ಬುಕ್‌ಮಾರ್ಕಿನ ಕಾಗದವನ್ನೂ ಹತ್ತು ಹಾಳೆ ಜೋಡಿಸಿ ಹೀಗೇ ಅಳೆಯಬಹುದು. ಮೂರು ನಾಲ್ಕು ಹಾಳೆಯ ದಪ್ಪ ಮೀರಿದ ಯಾವುದನ್ನೇ ಆಗಲಿ ವಾರಗಟ್ಟಲೆ ಒಳಗೆ ಬಿಟ್ಟರೆ ಎದುರಿನ ಹಾಳೆಯ ಮೇಲೆ ಅದರ ಅಂಚಿನ ಗೆರೆ ಬೀಳುತ್ತದೆ. ಬರೀ ಅಂಟು ಹಾಕಿದ ಪೇಪರ್‌ಬ್ಯಾಕ್ ಆದರೆ ಇನ್ನೂ ಕಷ್ಟ. ಒಂದೇ ಜಾಗದಲ್ಲಿ ಪದೇ ಪದೇ ದಪ್ಪ ವಸ್ತು ಇಟ್ಟರೆ ಬೆನ್ನಿನ ಅಂಟು ಅಲ್ಲೇ ಸೀಳಿ ಹಾಳೆ ಕಿತ್ತು ಬರುತ್ತದೆ.

ಏನನ್ನು ಇಡಬಾರದು

ಮನೆಯ ಹಳೆಯ ಪುಸ್ತಕಗಳನ್ನೆಲ್ಲ ಕೊಡವಿ ನೋಡಿದೆ. ಒಳಗೆ ಸಿಕ್ಕಿದ್ದು ಬಸ್ ಟಿಕೆಟ್, ಪೇಪರಿನ ತುಂಡು, ಜೆಮ್ ಕ್ಲಿಪ್, ಪೂಜೆಯ ಹೂವು, ನವಿಲುಗರಿ, ಲಗ್ನಪತ್ರಿಕೆ. ಪುಟಗಳ ಮೇಲೆ ಇವು ಏನು ಮಾಡಿವೆ ಅನ್ನುವುದನ್ನು ನೋಡಿದರೇ ಅರ್ಧ ಪಾಠ ಆಗುತ್ತದೆ.

ಪೇಪರಿನ ತುಂಡು ಇದ್ದ ಕಡೆ ಅದರದೇ ಆಕಾರದ ಕಂದು ಕಲೆ. ಸುದ್ದಿಪತ್ರಿಕೆಯ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ. ಅದು ಕಾಲ ಕಳೆದಂತೆ ಆಮ್ಲವಾಗಿ ಪಕ್ಕದ ಹಾಳೆಗೂ ಇಳಿಯುತ್ತದೆ. ಕ್ಲಿಪ್ಪು ಮಳೆಗಾಲದಲ್ಲಿ ತುಕ್ಕು ಹಿಡಿದಿತ್ತು. ಆ ಕಲೆ ಹೋಗುವುದಿಲ್ಲ. ಹೂವು, ಅರಿಶಿನ, ಕುಂಕುಮ ಇವೆಲ್ಲ ಭಕ್ತಿಯಿಂದ ಇಟ್ಟವೇ. ಆದರೂ ಪುಸ್ತಕದ ಮಟ್ಟಿಗೆ ಇವು ತೇವ ಮತ್ತು ಬಣ್ಣ, ಅಷ್ಟೇ. ಹಾಳೆಯ ಮೂಲೆ ಮಡಚುವ ಅಭ್ಯಾಸವೂ ಒಳ್ಳೆಯದಲ್ಲ. ಮಡಿಕೆಯ ಗೆರೆಯಲ್ಲಿ ಕಾಗದದ ನಾರು ಮುರಿಯುತ್ತದೆ, ಹಳೆಯ ಕಾಗದವಾದರೆ ಮೂಲೆ ಕೈಗೇ ಬರುತ್ತದೆ.

ಲಗ್ನಪತ್ರಿಕೆಯ ಕಾರ್ಡು ಮಾತ್ರ ನನಗೆ ಉಪಯೋಗಕ್ಕೆ ಬಂತು. ಮೂಲೆಯ ಅರಿಶಿನ ಕುಂಕುಮದ ಭಾಗ ಕತ್ತರಿಸಿ ಹಾಕಿ, ಉಳಿದದ್ದರಲ್ಲಿ ಕಚ್ಚಾ ಮಾದರಿಗಳನ್ನು ಮಾಡಿಕೊಂಡೆ. ಬೇಕಾದ ಅಗಲ, ಉದ್ದ ತೀರ್ಮಾನ ಆಗುವವರೆಗೆ ಒಳ್ಳೆಯ ಕಾಗದ ಮುಟ್ಟುವ ಅಗತ್ಯವೇ ಇಲ್ಲ. ಲಗ್ನಪತ್ರಿಕೆಗಳಂತೂ ಎಲ್ಲರ ಮನೆಯಲ್ಲೂ ರಾಶಿ ಬಿದ್ದಿರುತ್ತವೆ ಅಲ್ವಾ.

ಮಾದರಿಗಳಲ್ಲಿ ನಿಂತ ಅಳತೆ: ಉದ್ದ 230 ಮಿಲಿಮೀಟರ್, ಅಗಲ 45. ಪುಟದ ಎತ್ತರ ಸುಮಾರು 240. ಕಾರ್ಡು ತಲೆಯಲ್ಲಿ 15 ಮಿಲಿಮೀಟರ್ ಹೊರಗೆ ಕಂಡರೂ ಕೆಳತುದಿ ಕೊನೆಯ ಪದ್ಯದವರೆಗೆ ಮುಟ್ಟುತ್ತದೆ. ಇನ್ನೂ ಅಗಲ ಮಾಡಿದರೆ ಓದುವಾಗ ಪಕ್ಕದ ಕಾಲಂ ಮುಚ್ಚುತ್ತದೆ.

ಕಾಗದ

ಮೂರು ಥರ ಇಟ್ಟುಕೊಂಡು ಹೋಲಿಸಿದೆ. ಸ್ಟೇಷನರಿ ಅಂಗಡಿಯ ಡ್ರಾಯಿಂಗ್ ಶೀಟ್, 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನುವ ತೂಕ) ಐವರಿ ಬೋರ್ಡ್, ಖಾದಿ ಭಂಡಾರದಲ್ಲಿ ಸಿಗುವ ಹತ್ತಿಯ ಕೈಕಾಗದ. ಬೆಂಗಳೂರಿನವರಾದರೆ ಅವೆನ್ಯೂ ರಸ್ತೆ, ಸುಲ್ತಾನ್‌ಪೇಟೆ ಕಡೆ ಒಂದು ಸುತ್ತು ಹಾಕಿದರೆ ಇವೆಲ್ಲ ಸಿಗುತ್ತವೆ.

ಯಂತ್ರದಲ್ಲಿ ಮಾಡಿದ ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ. ಹಾಳೆಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೆಲ್ಲಗೆ ಬಗ್ಗಿಸಿ ನೋಡಿ. ಒಂದು ಕಡೆ ಸುಲಭವಾಗಿ ಬಾಗುತ್ತದೆ, ಇನ್ನೊಂದು ಕಡೆ ಎದುರು ಒತ್ತುತ್ತದೆ. ಸುಲಭವಾಗಿ ಬಾಗಿದಾಗ ಮಡಿಕೆಯ ಗೆರೆ ಯಾವ ಕಡೆಗೆ ಇದೆಯೋ ನಾರು ಅದೇ ಕಡೆಗೆ ಓಡುತ್ತದೆ. ಬುಕ್‌ಮಾರ್ಕಿನ ಉದ್ದಕ್ಕೆ ನಾರು ಇರಬೇಕು. ಅಡ್ಡಕ್ಕಿದ್ದರೆ ಕಾರ್ಡು ನೆಟ್ಟಗೆ ನಿಲ್ಲುವುದಿಲ್ಲ, ಮಳೆಗಾಲದಲ್ಲಿ ಸುರುಳಿ ಸುತ್ತಲು ಶುರುಮಾಡುತ್ತದೆ. ಅಂಗಡಿಯ ಎಷ್ಟೋ ಚಂದದ ಬುಕ್‌ಮಾರ್ಕುಗಳು ಸೊಟ್ಟಗಾಗಲು ಇದು ಒಂದು ಕಾರಣ. ಕೊಳ್ಳುವಾಗ ಒಮ್ಮೆ ಬಗ್ಗಿಸಿ ನೋಡಿ.

ಕೈಕಾಗದದಲ್ಲಿ ಈ ತಲೆನೋವು ಕಡಿಮೆ. ಚೌಕಟ್ಟಿನಲ್ಲಿ ಎತ್ತಿ ಮಾಡುವುದರಿಂದ ನಾರು ಎಲ್ಲ ದಿಕ್ಕಿಗೂ ಹರಡಿರುತ್ತದೆ. ಹತ್ತಿಯಾದ್ದರಿಂದ ಲಿಗ್ನಿನ್ ಕಾಟವೂ ಇಲ್ಲ. ನಾನು ಆರಿಸಿದ್ದು 200 ಜಿಎಸ್‌ಎಂ ಕೈಕಾಗದ. ದಪ್ಪ 0.3 ಮಿಲಿಮೀಟರ್ ಹತ್ತಿರ, ಅಂದರೆ ಪುಸ್ತಕದ ಮೂರು ಹಾಳೆಯಷ್ಟು.

ಅದಕ್ಕೆ ಇನ್ನೊಂದು ಕೆಲಸ ಇದೆ. ಕೈಕಾಗದ ಇಂಕನ್ನು ಹೀರುತ್ತದೆ, ಸಣ್ಣ ಅಕ್ಷರ ಬರೆದರೆ ಒತ್ತುಗಳು ಹರಡಿ ಒಂದಕ್ಕೊಂದು ಅಂಟುತ್ತವೆ. ನಮ್ಮ ದೇಶದಲ್ಲಿ ಹಿಂದೆ ಬರೆಯುವ ಕಾಗದಕ್ಕೆ ಗಂಜಿ ಕೊಟ್ಟು, ಅಗೇಟ್ ಕಲ್ಲಿನಲ್ಲೋ ಶಂಖದಲ್ಲೋ ತೀಡಿ ನುಣುಪು ಮಾಡುತ್ತಿದ್ದರು. ಅದನ್ನೇ ಮಾಡಿದೆ. ಅನ್ನದ ಗಂಜಿ ಸೋಸಿ, ನೀರಿನಷ್ಟು ತೆಳುವಾಗಿ ಮಾಡಿ, ಅಗಲ ಬ್ರಷ್‌ನಲ್ಲಿ ಎರಡೂ ಬದಿಗೆ ಒಂದೊಂದು ಸಲ ಎಳೆದೆ. ಬಟ್ಟೆಯ ಮೇಲೆ ಹರಡಿ, ಅರ್ಧ ಒಣಗಿದ ಮೇಲೆ ಎರಡು ಹಲಗೆಯ ನಡುವೆ ಇಟ್ಟು ಭಾರ ಹೇರಿದೆ. ಪೂರ್ತಿ ಒಣಗಿದ ಮೇಲೆ ಬಟರ್ ಪೇಪರ್ ಹಾಸಿ ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಿದೆ. ಬೆರಳಿಗೆ ತಾಕುವ ವ್ಯತ್ಯಾಸ ಮೊದಲ ಕಾರ್ಡಿನಲ್ಲೇ ಗೊತ್ತಾಯಿತು. ಪೆನ್ನಿನ ಗೆರೆ ಕೂದಲೆಳೆಯಷ್ಟು ಸಣ್ಣಗೆ ನಿಂತಿತು.

ಗಂಜಿ ಜಾಸ್ತಿ ಆಗಬಾರದು. ಪುಸ್ತಕ ತಿನ್ನುವ ಬೆಳ್ಳಿಮೀನಿನ ಹುಳಕ್ಕೆ (ಸಿಲ್ವರ್‌ಫಿಶ್) ಅದು ಊಟ. ಪುಸ್ತಕದ ಕಪಾಟಿನಲ್ಲಿ ಒಣ ಬೇವಿನ ಸೊಪ್ಪನ್ನು ಬಟ್ಟೆಯ ಗಂಟು ಕಟ್ಟಿ ಇಟ್ಟಿದ್ದೇನೆ. ಸೊಪ್ಪನ್ನು ಹಾಗೇ ಪುಟದ ನಡುವೆ ಇಡಬೇಡಿ, ಅದೂ ಕಲೆ ಮಾಡುತ್ತದೆ.

ಕತ್ತರಿಸುವುದಕ್ಕೆ ಸ್ಟೀಲ್ ಸ್ಕೇಲು, ಹೊಸ ಬ್ಲೇಡು ಹಾಕಿದ ಕಟ್ಟರ್. ಒಂದೇ ಸಲ ಒತ್ತಿ ಎಳೆಯದೆ, ಹಗುರವಾಗಿ ಮೂರು ನಾಲ್ಕು ಸಲ ಎಳೆದರೆ ಅಂಚು ಪಿಸಿಯುವುದಿಲ್ಲ. ಒಂದು ರೂಪಾಯಿ ನಾಣ್ಯ ಇಟ್ಟು ಮೂಲೆಗಳನ್ನು ದುಂಡಗೆ ಮಾಡಿದೆ. ಚೂಪು ಮೂಲೆ ಬೇಗ ಮಡಚಿಕೊಳ್ಳುತ್ತದೆ, ಎದುರಿನ ಹಾಳೆಗೂ ಚುಚ್ಚುತ್ತದೆ.

ಯಾವ ಕಾಲಂ, ಯಾವ ಪದ್ಯ

ಓಲೆಗರಿಯ ಕಟ್ಟಿನಲ್ಲಿ ಒಂದು ಗರಿಯ ಮೇಲೆ ಕೆಲವೇ ಸಾಲು ಇರುತ್ತವೆ. ಗರಿ ಸಿಕ್ಕರೆ ಜಾಗವೂ ಸಿಕ್ಕ ಹಾಗೆ. ಎರಡು ಕಾಲಮ್ಮಿನ ದೊಡ್ಡ ಪುಟದಲ್ಲಿ ಹಾಗಾಗುವುದಿಲ್ಲ. ಮಧ್ಯಯುಗದ ಯೂರೋಪಿನ ಹಸ್ತಪ್ರತಿಗಳಿಗೂ ಇದೇ ತೊಂದರೆ ಇತ್ತು. ಅವು ದೊಡ್ಡ ಪುಸ್ತಕಗಳು, ಪುಟಕ್ಕೆ ಎರಡು ಕಾಲಂ. ಅದಕ್ಕೆ ಅವರು ಒಂದು ದಾರಕ್ಕೆ ಮೇಲೆ ಕೆಳಗೆ ಸರಿಯುವ ಚರ್ಮದ ತುಂಡು ಪೋಣಿಸಿ, ಅದರೊಳಗೆ ತಿರುಗುವ ಬಿಲ್ಲೆ ಇಟ್ಟಿದ್ದರು. ಬಿಲ್ಲೆಯ ಮೇಲೆ 1ರಿಂದ 4ರವರೆಗೆ ರೋಮನ್ ಅಂಕಿ. ತುಂಡು ನಿಂತ ಎತ್ತರ ಸಾಲನ್ನು ಹೇಳುತ್ತದೆ, ಬಿಲ್ಲೆಯ ಅಂಕಿ ಕಾಲಂ ಹೇಳುತ್ತದೆ. ಇಂಥ ಕೆಲವು ಇಂದಿಗೂ ಉಳಿದಿವೆ. ಎಷ್ಟು ಚೊಕ್ಕ ಯೋಚನೆ!

ಬಿಲ್ಲೆ ಮಾಡಿದರೆ ದಪ್ಪ ಆಗುತ್ತದೆ. ಬಿಲ್ಲೆ, ಹಿಂದಿನ ಕಾಗದ, ನಡುವೆ ಹಿಡಿದಿಡಲು ಐಲೆಟ್ ಅಥವಾ ದಾರದ ಗಂಟು. ಬಿಲ್ಲೆಯನ್ನೇ ಬಿಟ್ಟು, ಅದರ ಕೆಲಸವನ್ನು ಕಾರ್ಡಿಗೇ ಕೊಟ್ಟೆ. ಕಾರ್ಡಿಗೆ ಎರಡು ಮುಖ, ಎರಡು ತುದಿ. ಒಟ್ಟು ನಾಲ್ಕು ರೀತಿಯಲ್ಲಿ ಇಡಬಹುದು. ಮುಂದಿನ ಮುಖದ ಒಂದು ತುದಿಯಲ್ಲಿ 1, ಇನ್ನೊಂದು ತುದಿಯಲ್ಲಿ ತಲೆಕೆಳಗಾಗಿ 2. ಹಿಂದಿನ ಮುಖದಲ್ಲಿ ಹೀಗೇ 3 ಮತ್ತು 4. ಓದು ನಿಲ್ಲಿಸಿದ ಕಾಲಮ್ಮಿನ ಅಂಕಿ ಮೇಲೆ ಬಂದು ನಮ್ಮ ಕಡೆ ನೋಡುವ ಹಾಗೆ ಕಾರ್ಡು ಇಟ್ಟು ಪುಸ್ತಕ ಮುಚ್ಚುವುದು. ಎಡ ಪುಟದ ಎರಡು ಕಾಲಂ 1, 2. ಬಲ ಪುಟದವು 3, 4. ತಿರುಗುವ ಭಾಗ ಯಾವುದೂ ಇಲ್ಲ, ದಪ್ಪ ಒಂದಿಷ್ಟೂ ಏರುವುದಿಲ್ಲ. ಇದು ಈ ಕೆಲಸದಲ್ಲಿ ನನಗೆ ತುಂಬ ಹಿಡಿಸಿದ ಭಾಗ.

ಪದ್ಯ ತೋರಿಸಲು ಟ್ರೇಸಿಂಗ್ ಪೇಪರಿನ ಪಟ್ಟಿ. 18 ಮಿಲಿಮೀಟರ್ ಅಗಲ, 100 ಮಿಲಿಮೀಟರ್ ಉದ್ದ. ಉದ್ದದ ಲೆಕ್ಕ ಹೀಗೆ: ಕಾರ್ಡಿನ ಅಗಲ ಎರಡು ಸಲ, 90. ಒಂದರ ಮೇಲೊಂದು ಅಂಟಿಸಲು 8. ಸರಿಯುವುದಕ್ಕೆ ಸಡಿಲ ಮತ್ತು ಕಾರ್ಡಿನ ದಪ್ಪಕ್ಕೆ ಸೇರಿ 2. ಮಡಿಕೆಯ ಗೆರೆಯನ್ನು ಮೊದಲು ಕಟ್ಟರಿನ ಮೊಂಡು ಬದಿಯಿಂದ ಒತ್ತಿಕೊಂಡು, ಕಾರ್ಡಿನ ಮೇಲೆ ಸುತ್ತಿ, ಗ್ಲೂ ಸ್ಟಿಕ್‌ನಲ್ಲಿ ಅಂಟಿಸಿದೆ. ನೀರಿನಂಶ ಹೆಚ್ಚಿರುವ ಅಂಟು ಹಾಕಿದರೆ ಟ್ರೇಸಿಂಗ್ ಪೇಪರ್ ತಕ್ಷಣ ಸುಕ್ಕುಗಟ್ಟುತ್ತದೆ, ಅದಕ್ಕೆ ಗ್ಲೂ ಸ್ಟಿಕ್. ಪಟ್ಟಿಯ ಎರಡು ಬದಿಗೂ ಒಂದೊಂದು ಸಣ್ಣ ಬಾಣ ಬರೆದೆ. ಪಾರದರ್ಶಕ ಆದ್ದರಿಂದ ಕೆಳಗಿನ ಬರಹ ಮುಚ್ಚುವುದಿಲ್ಲ. ಚಮಚದಿಂದ ಉಜ್ಜುವಾಗ ಕಾರ್ಡಿನ ಅಂಚುಗಳನ್ನು ಬಿಟ್ಟು ನಡುವೆ ಮಾತ್ರ ಉಜ್ಜಿದ್ದೆ. ಆ ಒರಟು ಅಂಚಿನಿಂದಾಗಿ ಪಟ್ಟಿ ನಿಲ್ಲಿಸಿದ ಕಡೆಯೇ ನಿಲ್ಲುತ್ತದೆ.

ಹೆಸರುಗಳ ಮುಖ

ಕುಮಾರವ್ಯಾಸ ಒಬ್ಬನನ್ನು ಒಂದೇ ಹೆಸರಿನಿಂದ ಕರೆಯುವುದು ಅಪರೂಪ. ಮಾತ್ರೆಗೆ ಬೇಕಾದ ಹಾಗೆ, ಸಂದರ್ಭಕ್ಕೆ ಒಪ್ಪುವ ಹಾಗೆ ಹೆಸರು ಬದಲಾಗುತ್ತದೆ. ಅರ್ಜುನ ಒಮ್ಮೆ ಪಾರ್ಥ, ಒಮ್ಮೆ ಫಲುಗುಣ, ಒಮ್ಮೆ ಕಿರೀಟಿ. ಕರ್ಣ ಒಮ್ಮೆ ರವಿಸುತ, ಇನ್ನೊಮ್ಮೆ ಇನತನಯ. ಯುದ್ಧದ ನಡುವೆ ಯಾರು ಯಾರಿಗೆ ಬಾಣ ಬಿಟ್ಟರು ಅನ್ನುವುದೇ ಗೋಜಲಾದರೆ ಓದಿನ ಸುಖ ಎಲ್ಲಿ?

ಶುರುವಿನಲ್ಲಿ ಪ್ರತಿಯೊಬ್ಬರ ಮುಂದೆ ಎಲ್ಲ ಹೆಸರುಗಳನ್ನೂ ಸಾಲಾಗಿ ಬರೆದುಕೊಂಡೆ. ಅರ್ಜುನನೊಬ್ಬನೇ ಅರ್ಧ ಕಾರ್ಡು ನುಂಗಿದ. ನಮ್ಮ ಬೀದಿಯಲ್ಲಿ ಗಮಕ ಓದುವ ಮೇಷ್ಟ್ರು ಒಬ್ಬರಿದ್ದಾರೆ. ಅವರಿಗೆ ಕರಡು ತೋರಿಸಿದೆ.

“ಇಷ್ಟೊಂದು ಬರೆದ್ರೆ ಓದುವವರ ಕಣ್ಣು ಪದ್ಯ ಬಿಟ್ಟು ಇಲ್ಲೇ ಹುಡುಕ್ತಾ ಕೂತಿರತ್ತೆ ಕಣಪ್ಪ. ಹೆಸರು ಬರೀಬೇಡ, ಅಪ್ಪಂದಿರನ್ನ ಬರಿ” ಅಂದರು.

ಆ ಮಾತಿನಿಂದ ಕಾರ್ಡಿನ ರೂಪವೇ ಬದಲಾಯಿತು. ಹೆಚ್ಚಿನ ಹೆಸರುಗಳು ‘ಇಂಥವರ ಮಗ’ ಅನ್ನುವ ಅಚ್ಚಿನಲ್ಲಿ ಬಂದವು. ಸುತ, ಜ, ತನಯ, ನಂದನ, ಸೂನು ಎಲ್ಲಕ್ಕೂ ಮಗ ಎಂದೇ ಅರ್ಥ. ಹಾಗಾದರೆ ಮುಂದಿರುವ ಅರ್ಧ ಪದ ಯಾರನ್ನು ಹೇಳುತ್ತದೆ ಅಂತ ಗೊತ್ತಿದ್ದರೆ ಸಾಕು. ಕಾರ್ಡಿನ ಮೇಲೆ ಈಗ ಇರುವುದು ಇಷ್ಟು:

ಗಾಳಿ (ಅನಿಲ, ಪವನ, ಮಾರುತ): ಭೀಮ
ಇಂದ್ರ (ಸುರಪ, ಅಮರಪತಿ): ಅರ್ಜುನ
ಯಮ, ಧರ್ಮ: ಧರ್ಮರಾಯ
ಸೂರ್ಯ (ರವಿ, ಇನ, ಭಾನು, ತರಣಿ): ಕರ್ಣ
ಗಂಗೆ, ನದಿ: ಭೀಷ್ಮ
ಕಳಶ, ಕುಂಭ: ದ್ರೋಣ
ಗುರು: ಅಶ್ವತ್ಥಾಮ
ದ್ರುಪದ: ಮಗನಾದರೆ ಧೃಷ್ಟದ್ಯುಮ್ನ, ಮಗಳಾದರೆ ದ್ರೌಪದಿ

ಇದಕ್ಕೆ ಕೆಳಗೆ ಎರಡು ಸಣ್ಣ ಭಾಗ. ಒಂದು ನಾಡಿನಿಂದ ಬಂದ ಹೆಸರು: ಸಿಂಧುವಿನ ಸೈಂಧವ ಅಂದರೆ ಜಯದ್ರಥ, ಮದ್ರದ ಅರಸ ಅಂದರೆ ಶಲ್ಯ, ಅಂಗದ ಅರಸ ಕರ್ಣ. ಇನ್ನೊಂದು ವೈರಿಯಿಂದ ಬಂದ ಹೆಸರು. ಅರಿ, ರಿಪು, ಹರ, ಅಂತಕ ಎಂದು ಮುಗಿದು ಮುಂದೆ ಅಸುರರೋ ಮುರನೋ ಇದ್ದರೆ ಅದು ಕೃಷ್ಣ. ಈ ಮೂರು ಕೀಲಿ ಇದ್ದರೆ ಹೊಸ ಹೆಸರು ಎದುರಾದರೂ ಓದುವವರೇ ಬಿಡಿಸಿಕೊಳ್ಳುತ್ತಾರೆ. ಪಟ್ಟಿ ನೋಡಿ ತಿಳಿಯುವುದಕ್ಕಿಂತ ಬಿಡಿಸಿ ತಿಳಿದರೆ ಹೆಸರು ಮನಸ್ಸಿನಲ್ಲಿ ಉಳಿಯುತ್ತದೆ. ಅಮ್ಮ ಈಗ ಕಾರ್ಡು ನೋಡದೇ ಹೇಳುತ್ತಾರೆ.

ಬಿಡಿಸಿದರೂ ಸಿಗದ ಹೆಸರು ಕೆಲವಿವೆ. ಫಲುಗುಣ, ವೃಕೋದರ, ಗಾಂಡೀವಿ, ಸುಯೋಧನ. ಅವಕ್ಕೆ ಕೊನೆಯಲ್ಲಿ ಖಾಲಿ ಸಾಲು ಬಿಟ್ಟಿದ್ದೇನೆ. ಓದುವಾಗ ನಮಗೆ ತಡೆದದ್ದನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇವೆ. ಅದಕ್ಕಾಗಿಯೇ ಲ್ಯಾಮಿನೇಷನ್ ಮಾಡಿಸಲಿಲ್ಲ. ಬರೆಯಲಾಗದ ಬುಕ್‌ಮಾರ್ಕು ಅರ್ಧ ಮಾತ್ರ ನಮ್ಮದು.

ಪರ್ವಕ್ಕೊಂದು ಕಾರ್ಡು. ಕೀಲಿಗಳು ಎಲ್ಲದರಲ್ಲೂ ಒಂದೇ, ಉಳಿದ ಜಾಗ ಪರ್ವಕ್ಕೆ ತಕ್ಕ ಹಾಗೆ. ವಿರಾಟಪರ್ವದ್ದರಲ್ಲಿ ವೇಷದ ಹೆಸರುಗಳು: ಧರ್ಮರಾಯ ಕಂಕ, ಭೀಮ ವಲಲ, ಅರ್ಜುನ ಬೃಹನ್ನಳೆ, ದ್ರೌಪದಿ ಸೈರಂಧ್ರಿ. ಭೀಷ್ಮಪರ್ವದಿಂದ ಮುಂದಿನ ಕಾರ್ಡುಗಳ ಅಂಚಿನಲ್ಲಿ 18 ಗೀಟು ಹಾಕಿದೆ, ಯುದ್ಧದ ಒಂದೊಂದು ದಿನಕ್ಕೆ ಒಂದೊಂದು. ಮೊದಲ 10 ದಿನ ಭೀಷ್ಮನ ಸೇನಾಪತ್ಯ, ಮುಂದಿನ 5 ದ್ರೋಣನದು, 2 ಕರ್ಣನದು, ಕೊನೆಯ ದಿನ ಶಲ್ಯನದು. 13ನೆಯ ಗೀಟಿನ ಪಕ್ಕ ಅಭಿಮನ್ಯು, 14ರ ಪಕ್ಕ ಸೈಂಧವ, ಅದೇ ದಿನದ ರಾತ್ರಿಗೆ ಘಟೋತ್ಕಚ, 17ಕ್ಕೆ ಕರ್ಣ. ದ್ರೋಣಪರ್ವ ಓದುವಾಗ ಈ ಗೀಟುಗಳ ಬೆಲೆ ಗೊತ್ತಾಗುತ್ತದೆ. ಪದ್ಯ ಮೇಲೆ ಪದ್ಯ ಓದಿದರೂ ಕಥೆಯಲ್ಲಿ ಇನ್ನೂ ಅದೇ ದಿನ ನಡೆಯುತ್ತಿರುತ್ತದೆ. ಅಷ್ಟು ದೀರ್ಘವಾದ ಒಂದು ದಿನದಲ್ಲಿ ನಾವು ಎಲ್ಲಿದ್ದೇವೆ ಅಂತ ಕಣ್ಣಿಗೆ ಕಂಡರೆ ಓದಿಗೆ ಬೇರೆಯೇ ತೂಕ ಬರುತ್ತದೆ.

ಬರೆದದ್ದು 0.3 ಮಿಲಿಮೀಟರಿನ ಪಿಗ್ಮೆಂಟ್ ಇಂಕ್ ಪೆನ್ನಿನಲ್ಲಿ. ಜೆಲ್ ಪೆನ್ ಕೈತೇವಕ್ಕೆ ಹರಡುತ್ತದೆ. ಬಾಲ್ ಪೆನ್ ಹಿಂದಿನ ಮುಖಕ್ಕೆ ಉಬ್ಬು ಮೂಡಿಸುತ್ತದೆ. ಸಾಲಿನ ನಡುವೆ 6 ಮಿಲಿಮೀಟರ್ ಬಿಡಿ. ಕನ್ನಡಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು ಎರಡೂ ಇವೆ. ಜಾಗ ಉಳಿಸಲು ಸಾಲು ಒತ್ತೊತ್ತಾಗಿ ಬರೆದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಗಲುತ್ತದೆ, ದೀಪದ ಬೆಳಕಿನಲ್ಲಿ ಓದಲಾಗುವುದಿಲ್ಲ. “ನನ್ನ ಕನ್ನಡಕಕ್ಕೆ ಕಾಣೋ ಹಾಗೆ ಬರಿ” ಅನ್ನುವುದು ಅಮ್ಮ ಹಾಕಿದ ಒಂದೇ ಷರತ್ತು.

ಮಾತ್ರೆಯ ಮುಖ

ಇಡೀ ಕಾವ್ಯ ಭಾಮಿನೀ ಷಟ್ಪದಿಯಲ್ಲಿದೆ. ಆರು ಸಾಲು. 1, 2, 4, 5ನೆಯ ಸಾಲಿನಲ್ಲಿ ಮಾತ್ರೆ 3, 4, 3, 4 ಎಂದು ನಡೆದು ಒಟ್ಟು 14. 3 ಮತ್ತು 6ನೆಯ ಸಾಲಿನಲ್ಲಿ 3, 4 ಮೂರು ಸಲ ಬಂದು ಕೊನೆಗೆ ಒಂದು ಗುರು (ಎರಡು ಮಾತ್ರೆಯ ಅಕ್ಷರ), ಒಟ್ಟು 23. ಇದನ್ನು ಶಾಲೆಯಲ್ಲಿ ಎಲ್ಲರೂ ಕಲಿತಿರುತ್ತೇವೆ. ಆದರೆ ಬಿಟ್ಟು ಓದುವಾಗ ಬಾಯಿಗೆ ಬರಬೇಕಲ್ಲ. ಪದ ಒಡೆಯುವ ಕಡೆಯೇ ಗಣ (ಮಾತ್ರೆಗಳ ಗುಂಪು) ಒಡೆಯುವುದಿಲ್ಲ, ತೊಡಕು ಅಲ್ಲೇ.

ಕಾರ್ಡಿನ ಹಿಂದಿನ ಮುಖದಲ್ಲಿ ಈ ನಡಿಗೆಯನ್ನು ಗೆರೆಗಳಲ್ಲಿ ಬರೆದೆ. ಒಂದು ಮಾತ್ರೆಗೆ ಒಂದೂವರೆ ಮಿಲಿಮೀಟರ್. ಮೂರರ ಗಣಕ್ಕೆ ನಾಲ್ಕೂವರೆ ಮಿಲಿಮೀಟರಿನ ಕಪ್ಪು ಗೆರೆ, ನಾಲ್ಕರ ಗಣಕ್ಕೆ 6 ಮಿಲಿಮೀಟರಿನ ಕೆಂಪು ಗೆರೆ, ನಡುವೆ 1 ಮಿಲಿಮೀಟರ್ ಬಿಡುವು. ಉದ್ದ ಸಾಲು ಕೊನೆಯ ಗುರುವೂ ಸೇರಿ 40 ಮಿಲಿಮೀಟರ್ ಚಿಲ್ಲರೆ ಆಗುತ್ತದೆ, 45ರ ಕಾರ್ಡಿನಲ್ಲಿ ಸರಿಯಾಗಿ ಕೂರುತ್ತದೆ.

ಇಲ್ಲಿ ಪುಸ್ತಕದ ಸಾಲಿನ ಅಳತೆ ಕೆಲಸಕ್ಕೆ ಬಂತು. ಗೆರೆಗಳ ಆರು ಸಾಲನ್ನೂ ಪುಸ್ತಕದ ಸಾಲಿನಷ್ಟೇ ದೂರದಲ್ಲಿ, 6 ಮಿಲಿಮೀಟರಿಗೆ ಒಂದರಂತೆ ಹಾಕಿದೆ. ಕಾರ್ಡನ್ನು ಪದ್ಯದ ಎಡಕ್ಕೆ ಒತ್ತಿ ಇಟ್ಟರೆ ಪದ್ಯದ ಪ್ರತಿ ಸಾಲಿಗೂ ಅದರ ನಡಿಗೆ ಎದುರಿಗೇ ಇರುತ್ತದೆ. ಹೀಗೆ ನಾಲ್ಕು ಪದ್ಯದ ಗೆರೆ ಒಂದರ ಕೆಳಗೊಂದು ಬರೆದಿದ್ದೇನೆ. ಸಂಧಿಯ (ಅಧ್ಯಾಯದ) ಶುರುವಿನ ಸೂಚನಾ ಪದ್ಯ ಬಂದ ಪುಟದಲ್ಲಿ ಕಾರ್ಡನ್ನು ಸ್ವಲ್ಪ ಜಾರಿಸಿ ಹೊಂದಿಸಿಕೊಳ್ಳಬೇಕು. ಮೊದಲ ಕಾಲಂ ಓದುವಾಗ ಕಾರ್ಡಿನ ಅರ್ಧ ಭಾಗ ಪುಟದ ಹೊರಗಿರುತ್ತದೆ. ವ್ಯಾಸಪೀಠದ ಹಲಗೆ ಅದನ್ನು ತಡೆಯುತ್ತದೆ, ಬೀಳುವುದಿಲ್ಲ.

ಗೆರೆ ಸರಿಯಿದೆಯೇ ಎಂದು ನೋಡಲು ನಾನೇ ಎರಡು ಸಾಲು ಕಟ್ಟಿಕೊಂಡೆ:

ಪುಟದ ಗುರುತಿದು ಕಥೆಯ ನಡುವಲಿ
ದಿಟದಿ ನಿಂತಿದೆ ನಿನ್ನ ಕಾಯುತ

ಮೊದಲ ಸಾಲಿನಲ್ಲಿ ಎಲ್ಲವೂ ಲಘು, ಅಂದರೆ ಒಂದೊಂದು ಮಾತ್ರೆ, ಎಣಿಸಿದರೆ ನೇರವಾಗಿ 14 ಅಕ್ಷರ. ಎರಡನೆಯದರಲ್ಲಿ ‘ನಿಂ’, ‘ನಿ’, ‘ಕಾ’ ಮೂರು ಗುರು. ಸೊನ್ನೆ ಇದ್ದರೆ, ಮುಂದೆ ಒತ್ತಕ್ಷರ ಇದ್ದರೆ, ದೀರ್ಘವಾಗಿದ್ದರೆ ಎರಡು ಮಾತ್ರೆ. ಅಕ್ಷರ ಕಡಿಮೆಯಾದರೂ ಹೊತ್ತು ಅಷ್ಟೇ. ಎರಡನೆಯ ಅಕ್ಷರ ಎರಡರಲ್ಲೂ ‘ಟ’, ಆದಿಪ್ರಾಸವೂ ಕೂತಿತು. ಬೆರಳನ್ನು ಕಪ್ಪು ಗೆರೆಯಿಂದ ಕೆಂಪು ಗೆರೆಗೆ ಸರಿಸುತ್ತ ಹೇಳಿ ನೋಡಿ, ನಡಿಗೆ ತಾನಾಗಿ ಹಿಡಿಯುತ್ತದೆ. ಈ ಎರಡು ಸಾಲನ್ನು ಕಾರ್ಡಿನ ತಲೆಯಲ್ಲಿ ಹಾಗೇ ಬಿಟ್ಟಿದ್ದೇನೆ. ಓದು ಶುರುಮಾಡುವ ಮೊದಲು ಒಮ್ಮೆ ಹೇಳಿಕೊಂಡರೆ ನಾಲಿಗೆ ಸಿದ್ಧವಾಗುತ್ತದೆ.

ಕೆಳತುದಿಯಲ್ಲಿ ಒಂದು ಸಾಲು ಖಾಲಿ, ರಾಗ ಬರೆಯಲು. ಶೋಕದ ಪದ್ಯಗಳಿಗೆ ಅಮ್ಮ ಮುಖಾರಿ ಹಿಡಿಯುತ್ತಾರೆ. ಹಿಂದಿನ ಸಂಜೆ ಯಾವ ರಾಗದಲ್ಲಿ ನಿಲ್ಲಿಸಿದೆವು ಅನ್ನುವುದನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿದರೆ ಮರುದಿನ ಅಲ್ಲಿಂದಲೇ ಎತ್ತಿಕೊಳ್ಳಬಹುದು.

ಬೆನ್ನಿಗೆ ಎರಡು ರಿಬ್ಬನ್

ಪುಸ್ತಕದ ಕೊನೆಯಲ್ಲಿ ಕಠಿಣ ಪದಗಳ ಅರ್ಥಕೋಶ ಇದೆ. ಅದಕ್ಕೂ ಪದ್ಯಕ್ಕೂ ಪದೇ ಪದೇ ಓಡಾಡಬೇಕು. ಇದಕ್ಕೆ ಕಾರ್ಡಿಗಿಂತ ರಿಬ್ಬನ್ ಒಳ್ಳೆಯದು, ಕೈಜಾರಿ ಬೀಳುವುದಿಲ್ಲ. ಬೈಂಡಿಂಗ್ ಆದ ಪುಸ್ತಕಕ್ಕೂ ರಿಬ್ಬನ್ ಹಾಕಬಹುದು, ಆದರೆ ಬೆನ್ನು ಟೊಳ್ಳಾಗಿರಬೇಕು. ಪುಸ್ತಕವನ್ನು ನಡುವೆ ತೆರೆದು ತಲೆಯ ಕಡೆಯಿಂದ ನೋಡಿ. ರಟ್ಟಿನ ಬೆನ್ನು ಹಾಳೆಗಳ ಬೆನ್ನಿನಿಂದ ದೂರ ಸರಿದು ನಡುವೆ ಕೊಳವೆ ಕಂಡರೆ ಆಗುತ್ತದೆ. ಎರಡೂ ಅಂಟಿಕೊಂಡೇ ಇದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಉದ್ದ: ಪುಟದ ಓರೆ ಅಳತೆ ನನ್ನ ಪ್ರತಿಯಲ್ಲಿ 12 ಇಂಚು. ಅಂಟಿಸಲು ಒಂದೂವರೆ, ಕೆಳಗೆ ಇಳಿಬಿಡಲು 2. ಒಟ್ಟು ಹದಿನೈದೂವರೆ ಇಂಚು. ಎತ್ತರವನ್ನಷ್ಟೇ ಲೆಕ್ಕ ಹಿಡಿದರೆ ಮೂಲೆಯಿಂದ ಹಿಡಿದೆಳೆಯುವಾಗ ಸಾಲುವುದಿಲ್ಲ. ಕಾಲಿಂಚು ಅಗಲದ ಸ್ಯಾಟಿನ್ ರಿಬ್ಬನ್ ತಂದೆ. ಪದ್ಯಕ್ಕೆ ಕೆಂಪು, ಅರ್ಥಕೋಶಕ್ಕೆ ಹಸಿರು. ಹಾಕುವ ಮೊದಲು ಒದ್ದೆಯಾದ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಲೇಬೇಕು. ಕೆಂಪು ಬಣ್ಣ ಬಿಡುವುದು ಜಾಸ್ತಿ.

60 ಮಿಲಿಮೀಟರ್ ಉದ್ದ, 20 ಅಗಲದ ತೆಳು ಕಾರ್ಡಿನ ತುಂಡಿಗೆ ಎರಡೂ ರಿಬ್ಬನ್ನಿನ ತುದಿಗಳನ್ನು ಫೆವಿಕಾಲ್‌ನಲ್ಲಿ ಅಂಟಿಸಿ ಒಣಗಲು ಬಿಟ್ಟೆ. ಸ್ಯಾಟಿನ್ ಪಾಲಿಯೆಸ್ಟರ್ ಆದ್ದರಿಂದ ಮೈದಾ ಅಂಟು ಹಿಡಿಯುವುದಿಲ್ಲ. ಆ ತುಂಡನ್ನು ಪುಸ್ತಕಕ್ಕೆ ಅಂಟಿಸಲು ಮಾತ್ರ ಮೈದಾ ಅಂಟು. ಒಂದು ಪಾಲು ಮೈದಾ, ಐದು ಪಾಲು ನೀರು, ಗಂಟಾಗದಂತೆ ಕದಡಿ, ಸಣ್ಣ ಉರಿಯಲ್ಲಿ ಪಾರದರ್ಶಕ ಆಗುವವರೆಗೆ ಕಾಯಿಸಬೇಕು. ಬೈಂಡರುಗಳು ಹುಳ ಬಾರದಿರಲಿ ಎಂದು ಇದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಅಡುಗೆಯ ಪಾತ್ರೆಯಲ್ಲಿ ಮಾಡಬಾರದು. ನಾನು ಹಾಕಲಿಲ್ಲ. ಮುಂದೆ ಯಾರಾದರೂ ಈ ಪುಸ್ತಕಕ್ಕೆ ಹೊಸ ಬೈಂಡಿಂಗ್ ಮಾಡಿಸಿದರೆ ಮೈದಾ ಅಂಟನ್ನು ನೀರು ಸೋಕಿಸಿ ಬಿಡಿಸಬಹುದು. ಫೆವಿಕಾಲ್ ಆದರೆ ಹಾಳೆಯ ಬೆನ್ನನ್ನೇ ಕಿತ್ತುಕೊಂಡು ಬರುತ್ತದೆ.

ಕಾರ್ಡಿನ ತುಂಡಿನ ಒಂದು ಬದಿಗೆ ತೆಳುವಾಗಿ ಅಂಟು ಸವರಿ, ಬಿದಿರು ಕಡ್ಡಿಯಿಂದ ಕೊಳವೆಯೊಳಗೆ ತಳ್ಳಿದೆ. ಅಂಟಿನ ಬದಿ ಹಾಳೆಗಳ ಬೆನ್ನಿಗೆ ಹತ್ತಬೇಕು, ರಟ್ಟಿನ ಬೆನ್ನಿಗಲ್ಲ. ರಟ್ಟಿಗೆ ಹತ್ತಿದರೆ ಪುಸ್ತಕ ತೆರೆದಾಗಲೆಲ್ಲ ರಿಬ್ಬನ್ ಎಳೆದಾಡುತ್ತದೆ. ಪುಸ್ತಕ ಮುಚ್ಚಿ, ಬೆನ್ನನ್ನು ಕೈಯಿಂದ ಒತ್ತಿ, ರಿಬ್ಬನ್ ಹೊರಗೆ ಬಿಟ್ಟು ರಾತ್ರಿ ಪೂರ್ತಿ ಒಣಗಿಸಿದೆ. ಕೆಳತುದಿಯನ್ನು ಓರೆಯಾಗಿ ಕತ್ತರಿಸಿ ಮೇಣದಬತ್ತಿಯ ಹತ್ತಿರ ಒಂದು ಕ್ಷಣ ಹಿಡಿದರೆ ಎಳೆ ಬಿಡುವುದಿಲ್ಲ. ರೇಷ್ಮೆ, ಹತ್ತಿಯಾದರೆ ಬೆಂಕಿ ತೋರಿಸಬಾರದು, ತುದಿಗೆ ತೆಳುವಾಗಿ ಅಂಟು ಸವರಿದರೆ ಸಾಕು.

ಗೊಂಡೆ, ಮಣಿ, ಗೆಜ್ಜೆ ಯಾವುದನ್ನೂ ಹಾಕಲಿಲ್ಲ. ಕೊಡುಗೆಗೆ ಚಂದ. ದಿನಾ ತೆರೆಯುವ ಪುಸ್ತಕದಲ್ಲಿ ಅವು ಸಿಕ್ಕಿಕೊಳ್ಳುತ್ತವೆ, ಮಣಿ ಹಾಳೆಗೆ ಗುಳಿ ಬೀಳಿಸುತ್ತದೆ.

ಕೊನೆಯದಾಗಿ, 10 ಕಾರ್ಡನ್ನೂ ಪುಸ್ತಕದೊಳಗೆ ಇಡಬಾರದು. ಸೇರಿದರೆ 3 ಮಿಲಿಮೀಟರ್ ಆಗುತ್ತದೆ, ಬೆನ್ನು ಬಿಚ್ಚಿಕೊಳ್ಳಲು ಅಷ್ಟು ಸಾಕು. ಓದುತ್ತಿರುವ ಪರ್ವದ್ದೊಂದು ಒಳಗೆ, ಉಳಿದವು ಬಟ್ಟೆಯ ಚೀಲದಲ್ಲಿ.

ಬೇರೆ ಪುಸ್ತಕಕ್ಕೆ

ಮೇಷ್ಟ್ರು ಕಾರ್ಡು ಹಿಡಿದು ಓದಿ ನೋಡಿ, ಜೈಮಿನಿ ಭಾರತಕ್ಕೂ ಒಂದು ಬೇಕು ಅಂದಿದ್ದಾರೆ. ಅದು ವಾರ್ಧಕ ಷಟ್ಪದಿ. 1, 2, 4, 5ನೆಯ ಸಾಲಿಗೆ ಐದರ ಗಣ ನಾಲ್ಕು, ಒಟ್ಟು 20 ಮಾತ್ರೆ. 3 ಮತ್ತು 6ಕ್ಕೆ ಐದರ ಗಣ ಆರು, ಮೇಲೊಂದು ಗುರು, ಒಟ್ಟು 32. ಒಂದೂವರೆ ಮಿಲಿಮೀಟರಿನ ಲೆಕ್ಕದಲ್ಲಿ ಹೋದರೆ ಉದ್ದ ಸಾಲು 54 ಮಿಲಿಮೀಟರ್ ಆಗುತ್ತದೆ, 45ರ ಕಾರ್ಡು ಸಾಲದು. ಮಾತ್ರೆಗೆ 1.2 ಮಿಲಿಮೀಟರಿನಂತೆ ಇಳಿಸಿದರೆ 44.4 ಬರುತ್ತದೆ, ಅಂಚೇ ಉಳಿಯುವುದಿಲ್ಲ. ಅದಕ್ಕೆ ಕಾರ್ಡಿನ ಅಗಲವನ್ನೇ 50ಕ್ಕೆ ಏರಿಸಿ, ಗೆರೆಯನ್ನು 1.2ಕ್ಕೆ ಇಳಿಸುತ್ತಿದ್ದೇನೆ. ಟ್ರೇಸಿಂಗ್ ಪಟ್ಟಿ ಆಗ 110 ಮಿಲಿಮೀಟರ್ ಬೇಕು.